ಯಾವ ಅವಳು?

ಬೆಳಿಗ್ಗೆ ಹತ್ತರಿಂದ ಐದರ ತನಕ
ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ನಾನು ಕ್ರಯಪತ್ರ ಬರೆಯುವವಳು.
ಪೂರ್ವಕ್ಕೆ ಓಣಿ,
ಪಶ್ಚಿಮಕ್ಕೆ ಪುಟ್ಟರುದ್ರಯ್ಯನವರ ಖಾಲಿ ನಿವೇಶನ,
ಉತ್ತರಕ್ಕೆ ಸರ್ಕಾರಿ ಚರಂಡಿ.
ನನ್ನ ಚೆಕ್ಕುಬಂದಿಯಲ್ಲಿ ಇವತ್ತಿನವರೆಗೆ
ಒಂದಡಿ ನೆಲ ಅತ್ತಿತ್ತ ಆಗಿಲ್ಲ.

ರಾತ್ರಿ ಬರೆಯುವುದು ಬೇರೆ.
ಅಲ್ಲಿ ಇಬ್ಬರು ಮಾಟಗಾತಿಯರು,
ಸೀಗೆಗುಡ್ಡದ ನೆತ್ತಿಯಲ್ಲೊಬ್ಬಳು, ಬುಡದಲ್ಲೊಬ್ಬಳು.
ಮೊದಲ ಪುಸ್ತಕದಲ್ಲಿ ಕೊಲ್ಲಲು ಹೊರಟವರು,
ಒಬ್ಬಳ ಹಾವು ಇನ್ನೊಬ್ಬಳ ಹೊಸಿಲಲ್ಲಿ
ಇನ್ನೊಬ್ಬಳ ನಂಜು ಇವಳ ಬಾವಿಯಲ್ಲಿ.
ಎರಡನೆಯದರಲ್ಲಿ ಅದೇ ನೀರನ್ನು
ಒಂದೇ ಚೊಂಬಿನಲ್ಲಿ ಕುಡಿದರು.
ಬದುಕಿಕೊಂಡರು, ಆದರೆ ಮಾಟಕ್ಕೆ ಬೆಲೆ ತೆರಬೇಕಲ್ಲ,
ಹೆಸರು ಕೊಟ್ಟರು ಇಬ್ಬರೂ.
ಕೊಟ್ಟದ್ದು ಕೊಟ್ಟಂತೆ. ಮೂರನೆಯದರಲ್ಲಿ ಈಗ
ಬರೀ ಅವಳು, ಮತ್ತು ಅವಳು.

ಕಷ್ಟ ಶುರುವಾದದ್ದು ಅಲ್ಲಿಂದ.

'ಅವಳು ಅವಳ ಮುಡಿ ಬಿಚ್ಚಿದಳು' ಎಂದು ಬರೆದೆ.
ಡಿಟಿಪಿ ಮಾಡುವ ತ್ರಿಶಲಾ
ಅಂಚಿನಲ್ಲಿ ಕೆಂಪು ಪೆನ್ನಿನಿಂದ ಕೇಳಿದಳು:
ಯಾವ ಅವಳು? ಯಾರ ಮುಡಿ?
ಸ್ವಂತದ್ದಾದರೆ 'ತನ್ನ' ಅಂತ ಹಾಕಿ.

ಅವನು ಎಂದೊಬ್ಬ ಇದ್ದಿದ್ದರೆ
ಕ್ರಿಯಾಪದವೇ ಚಾಡಿ ಹೇಳಿಬಿಡುತ್ತಿತ್ತು
ಯಾರು ಬಾಗಿದರು, ಯಾರು ಕಣ್ಣು ಮುಚ್ಚಿದರು.
ಭಾಷೆ ಗಂಡಹೆಂಡಿರ ಅಳತೆಗೆ ಮಾಡಿಸಿದ ಮಂಚ.
ನಮ್ಮವರಿಬ್ಬರು ಮಲಗಿದರೆ
ಳು ಳು ಒಂದಕ್ಕೊಂದು ತೊಡರಿ
ಯಾವ ಕಾಲು ಯಾರದೋ.

ಪತ್ರದ ಭಾಷೆಯಲ್ಲೂ ಪ್ರಯತ್ನಿಸಿದೆ:
'ಒಂದನೇ ಪಾರ್ಟಿಯವಳು ಎರಡನೇ ಪಾರ್ಟಿಯವಳ
ಸದರಿ ತುಟಿಯ ಪೂರ್ವಭಾಗಕ್ಕೆ...'
ತ್ರಿಶಲಾ ಕೀಬೋರ್ಡಿನ ಮೇಲೆ ತಲೆಯಿಟ್ಟು ನಕ್ಕಳು.
ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿತು.
ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಶ್ರವಣಬೆಳಗೊಳದ ಕಡೆಯವಳು. ಹೊತ್ತು ಮುಳುಗಿದ ಮೇಲೆ
ಏನನ್ನೂ ಬಾಯಿಗಿಡಳು.
ಐದೂವರೆಗೆ ಡಬ್ಬಿ ತೆರೆಯುತ್ತಾಳೆ;
ಕಿಟಕಿಯಾಚೆ ಲಾರಿಯಿಂದ ಆಲೂಗಡ್ಡೆ ಮೂಟೆ ಇಳಿಯುತ್ತಿರುತ್ತದೆ,
ಅದೂ ಅವಳಿಗೆ ಕೂಡದು, ನೆಲದೊಳಗಿನದು ಯಾವುದೂ.
ಆದರೆ ನನ್ನ ಮಾಟಗಾತಿಯರು ನಡುರಾತ್ರಿ
ಮಸಣದ ಗೆಡ್ಡೆ ಅಗೆದು, ಮಣ್ಣೂ ಒರೆಸದೆ
ಒಬ್ಬರ ಬಾಯಿಗೊಬ್ಬರು ಇಡುವ ಪುಟವನ್ನು
ಒಂದು ಕೊಂಬು, ಒಂದು ದೀರ್ಘ ತಪ್ಪದೆ ಹೊಡೆದುಕೊಟ್ಟಳು.
ಕೊನೆಗೆ ಪರದೆ ನೋಡುತ್ತಲೇ,
'ಗೆಡ್ಡೆ ರುಚಿ ಹೇಗಿರತ್ತೆ?' ಅಂದಳು.

ನನಗೆ ಬಸ್ಸಿಗೆ ಹೊತ್ತಾಗಿತ್ತು.

ಪ್ರಕಾಶಕರ ಫೋನು: ಇದರಲ್ಲಿ ಒಬ್ಬಳನ್ನು ಸಾಯಿಸಿಬಿಡಿ ಮೇಡಂ,
ಇಲ್ಲ, ಮದುವೆಯಾದರೂ ಮಾಡಿಸಿ.
ಓದುವವರಿಗೆ ಒಂದು ದಡ ಬೇಕು.
ಯಾವಳನ್ನು, ಎಂದು ಕೇಳಿದೆ.
ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆ ರಾತ್ರಿ ಜವನನ್ನು ಗುಡ್ಡ ಹತ್ತಿಸಿದೆ.
ಅವನ ಕೈಯಲ್ಲೊಂದು ಓಲೆ,
ಓಲೆಯಲ್ಲಿ 'ಅವಳು' ಎಂದಷ್ಟೇ.
ಯಾವ ಅವಳು, ಎಂದ.
ನಾನೇ ಅವಳು, ಎಂದಳು ಅವಳು.
ಸುಳ್ಳು, ನಾನೇ ಅವಳು, ಎಂದಳು ಅವಳು.
ಜವ ಚೆಕ್ಕುಬಂದಿ ನೋಡಿದ:
ಅವಳ ಪೂರ್ವಕ್ಕೆ ಅವಳು,
ಅವಳ ಪಶ್ಚಿಮಕ್ಕೆ ಅವಳು,
ನಡುವೆ ಗೂಟ ಹೊಡೆಯಲು ಬೆರಳಗಲ ಜಾಗವಿಲ್ಲ.
ಸ್ಪಷ್ಟೀಕರಣ ಕೋರಿ ಷರಾ ಬರೆದು ಇಳಿದು ಹೋದ.
ಬರಿಗೈಯಲ್ಲಿ ಹೋಗುವವನಲ್ಲ,
ಗುಡ್ಡದ ಹಕ್ಕಿಗಳನ್ನೆಲ್ಲ ಕೊಂಡೊಯ್ದ.
ಅಂದಿನಿಂದ ಅವರಿಗೆ ಬೆಳಗಾದದ್ದು ಗೊತ್ತಾಗುವುದಿಲ್ಲ.

ಪುಟ ಕೊಟ್ಟು ಎದುರು ಕೂತೆ.
ತ್ರಿಶಲಾ ಓದಿದಳು. ಹಿಂದೆ ಹೋಗಿ ಮತ್ತೆ ಓದಿದಳು.
ಮುಡಿ ಬಿಚ್ಚಿದ ಸಾಲಿನ ಪಕ್ಕ ತನ್ನದೇ ಪ್ರಶ್ನೆಯನ್ನು
ಹೊಡೆದುಹಾಕಿ ಬರೆದಳು: ಹಾಗೇ ಇರಲಿ.
ಅದರ ಕೆಳಗೆ, ಸಣ್ಣಗೆ, ದಿನಾ ನಾನು ಬರೆದು ಬರೆದು
ಸವೆದುಹೋದ ಸಾಲು:
'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ.'

ಹೊತ್ತು ಮುಳುಗಿ ಗಂಟೆಯಾಗಿತ್ತು.
ಚನ್ನರಾಯಪಟ್ಟಣದ ಬಸ್ಸು ಹೋಗಿತ್ತು.
ಅವಳು
ಅವಳ ಕೈಲಿದ್ದ ಕೆಂಪು ಪೆನ್ನಿಗೆ
ಮುಚ್ಚಳ ಹಾಕಿದಳು.